ಹದಿನಾಲ್ಕನೇ ದಿನಕ್ಕೆ ಸ್ಕ್ಯಾನ್ ನಿಲ್ಲಿಸಬೇಡಿ: ಪಿಸಿಓಡಿ ಜೊತೆ ನನ್ನ ಅನುಭವ

ಪಿಸಿಓಡಿ (ಅಂಡಾಶಯದಲ್ಲಿ ನೀರುಗುಳ್ಳೆಯಂತೆ ಕಂಡು, ಮುಟ್ಟು ಏರುಪೇರಾಗುವ ತೊಂದರೆ) ಇರುವ ಎಷ್ಟೋ ಜನರಿಗೆ ಎಗ್ ಬೆಳೆಯುತ್ತೆ, ಆದರೆ ತಡವಾಗಿ ಬೆಳೆಯುತ್ತೆ. ನಾನು ಈ ಮಾತು ಹೇಳಿದಾಗ ನಂಬಿದವರು ಕಡಿಮೆ. ನಮ್ಮ ಮನೆಯವರು ನಂಬಲಿಲ್ಲ, ನಾದಿನಿ ನಂಬಲಿಲ್ಲ. ಮೊದಲು ತೋರಿಸುತ್ತಿದ್ದ ಕಡೆಯಂತೂ "ನಿಮಗೆ ಮಾತ್ರೆ ಹತ್ತಲ್ಲಮ್ಮ, ಐವಿಎಫ್ ಮಾಡಿಸಿಬಿಡಿ" (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಇಡುವುದು) ಅಂತ ಹೇಳಿ ಕಳಿಸಿದ್ದರು. ಈಗ ಮಗಳು ಅಂಬೆಗಾಲಿಟ್ಟು ಮನೆಯೆಲ್ಲ ಓಡಾಡುತ್ತಿದ್ದಾಳೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಗಂಗಾವತಿ. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ನಮ್ಮ ಮನೆಯವರು ಲಾರಿ ಓಡಿಸುತ್ತಾರೆ. ಪಿಸಿಓಡಿ ಯಾಕೆ ಬರುತ್ತೆ, ನೀರುಗುಳ್ಳೆ ಯಾಕೆ ಆಗುತ್ತೆ ಅಂತೆಲ್ಲ ಇಲ್ಲಿ ಉದ್ದಕ್ಕೆ ಬರೆಯಲ್ಲ.

ಮೊದಲು ಕೈಕೊಟ್ಟಿದ್ದನ್ನು ಹೇಳಿಬಿಡ್ತೀನಿ, ದುಡ್ಡು ಹೋಗಿದ್ದು ಜಾಸ್ತಿ ಅಲ್ಲೇ.

ಅನೇಕರ ಹಾಗೆ ನನಗೂ ಎಗ್ ಬೆಳೆಸುವ ಮಾತ್ರೆ ಕ್ಲೋಮಿಫೀನ್‌ನಿಂದಲೇ ಶುರುವಾಯ್ತು. 50 ಮಿಗ್ರಾಂ, ಆಮೇಲೆ 100. 100ರಲ್ಲಿ ಒಂದು ಫಾಲಿಕಲ್ (ಎಗ್ ಇರುವ ಗುಳ್ಳೆ) ಬೆಳೆಯಿತು ನಿಜ, ಆದರೆ ಲೈನಿಂಗ್, ಅಂದ್ರೆ ಗರ್ಭಕೋಶದ ಒಳಪದರ, 5 ಮಿಮೀ ದಾಟಲಿಲ್ಲ. ಆ ಮಾತ್ರೆಗೆ ಲೈನಿಂಗ್ ತೆಳ್ಳಗೆ ಮಾಡುವ ಗುಣ ಇದೆ. ಆಮೇಲೆ ಎಗ್ ಬೆಳೆಸುವ ಇನ್ನೊಂದು ಮಾತ್ರೆ ಲೆಟ್ರೋಜೋಲ್ 2.5 ಮಿಗ್ರಾಂ ಕೊಟ್ಟರು. ಡೇಟ್ (ಮುಟ್ಟು) ಶುರುವಾದ 12ನೇ ದಿನ ಸ್ಕ್ಯಾನ್, ಎಲ್ಲ ಸಣ್ಣವು. 14ನೇ ದಿನ ಮತ್ತೆ ಸ್ಕ್ಯಾನ್, ಆಗಲೂ ಸಣ್ಣವು. "ಈ ತಿಂಗಳು ಮುಗೀತು" ಅಂದರು. ಡೇಟ್ ಬರಲು ಮಾತ್ರೆ, ಅದು ಬರುವ ತನಕ ಕಾಯುವುದು, ಮತ್ತೆ ಅದೇ 2.5. ಹೀಗೇ ವರ್ಷದ ಮೇಲೆ ಕಳೆಯಿತು. ಪ್ರತಿ ಸಲ ಕನ್ಸಲ್ಟಿಂಗ್ 300, ಸ್ಕ್ಯಾನ್ 600, ಬಸ್ಸು, ಊಟ, ನನ್ನ ಒಂದು ದಿನದ ಕೂಲಿ. ನನ್ನ ಖಾತೆ ಪುಸ್ತಕದಲ್ಲಿ ಆ ಪುಟಗಳು ಈಗಲೂ ಇವೆ, ತೆಗೆದು ನೋಡಿದರೆ ಹೊಟ್ಟೆ ಉರಿಯುತ್ತೆ.

ಎಗ್ ಬಿಡುವ ದಿನವನ್ನು ಮೂತ್ರದಲ್ಲಿ ನೋಡುವ ಓವ್ಯುಲೇಷನ್ ಪಟ್ಟಿ ತರಿಸಿದೆ. ಡಬ್ಬಿಗೆ 400ರ ಆಸುಪಾಸು. ಎಗ್ ಬಿಡುವ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು ಅದು ತೋರಿಸುತ್ತೆ. ಪಿಸಿಓಡಿ ಇರುವ ಅನೇಕರಿಗೆ ಅದು ಮೊದಲೇ ಮೇಲಿರುತ್ತೆ, ಹಾಗಾಗಿ ಪಟ್ಟಿ ಸುಮ್ನೆ ವಾರಗಟ್ಟಲೆ ಎರಡು ಗೀಟು ತೋರಿಸ್ತಾನೇ ಇತ್ತು. ಅದನ್ನು ನಂಬಿ ಮನೆಯವರು ಲೋಡ್ ಬಿಟ್ಟು ಊರಲ್ಲಿ ಉಳಿದರು, ಒಂದು ಟ್ರಿಪ್ಪಿನ ಬಾಡಿಗೆ ಹೋಯಿತು. ಆವತ್ತಿನಿಂದ ಪಟ್ಟಿ ಬಂದ್. ಪಿಸಿಓಡಿಗೆ ಅಂತ ಕೊಡುವ ಇನೋಸಿಟಾಲ್ ಪುಡಿ ಪ್ಯಾಕೆಟ್‌ಗೆ 30 ರೂಪಾಯಿ ಹತ್ತಿರ, ದಿನಕ್ಕೆ ಎರಡು. ಮೂರು ತಿಂಗಳು ಕುಡಿದೆ, ನನಗೆ ಏನೂ ಫರಕು ಕಾಣಲಿಲ್ಲ. ಸಂಬಂಧಿಕರೊಬ್ಬರು ಸಿಂಧನೂರು ಕಡೆಯಿಂದ ಬೇರಿನ ಕಷಾಯ ತಂದುಕೊಟ್ಟರು. ಅದರಲ್ಲಿ ಏನಿದೆ ಅಂತ ಹೇಳುವವರೇ ಇರಲಿಲ್ಲ, ನಾನು ಮುಟ್ಟಲಿಲ್ಲ. ಅದಕ್ಕೇ ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು.

ದಾರಿ ತಿರುಗಿದ್ದು ಬಳ್ಳಾರಿಯಲ್ಲಿ ಬೇರೆ ಡಾಕ್ಟರಮ್ಮನ ಹತ್ತಿರ ಹೋದ ಮೇಲೆ. ನನ್ನ ಖಾತೆ ಪುಸ್ತಕ ಅವರ ಮೇಜಿನ ಮೇಲಿಟ್ಟೆ. ಹಳೆಯ ಡೇಟ್‌ಗಳು, ಯಾವ ಮಾತ್ರೆ, ಯಾವ ದಿನ ಎಷ್ಟು ಮಿಮೀ, ಎಲ್ಲ ಅದರಲ್ಲಿತ್ತು. ಅವರು ಬೆರಳಿಟ್ಟು ಓದಿ, "14ರ ನಂತರ ಒಮ್ಮೆಯೂ ನೋಡಿಲ್ವಲ್ಲ, ಬೆಳೆದಿಲ್ಲ ಅಂತ ಹೇಗೆ ಹೇಳೋದು?" ಅಂದರು. ನನ್ನ ಅನುಮಾನವೂ ಅದೇ ಇತ್ತು. ಮಾತ್ರೆ ಇಲ್ಲದೆ ನನಗೆ ತಾನಾಗಿ ಡೇಟ್ ಬರುತ್ತಿದ್ದದ್ದೇ 45, 50 ದಿನಕ್ಕೆ. ಅಂಥ ದೇಹ 14ಕ್ಕೆ ಎಗ್ ಬಿಡಬೇಕು ಅಂದ್ರೆ ಹೇಗೆ?

ಅವರು ಮೊದಲು ಎರಡು ಟೆಸ್ಟ್ ಬರೆದರು. ನನಗೆ ಗರ್ಭನಾಳ ತೆರೆದಿದೆಯಾ ಅಂತ ನೋಡುವ ಟ್ಯೂಬ್ ಟೆಸ್ಟ್, 3 ಸಾವಿರದ ಒಳಗೆ ಆಯಿತು. ಹತ್ತು ನಿಮಿಷ ಹೊಟ್ಟೆ ಹಿಂಡಿದ ಹಾಗೆ ನೋವು, ಎರಡೂ ಕಡೆ ಓಪನ್ ಅಂತ ಬಂತು. ಮನೆಯವರಿಗೆ ವೀರ್ಯ ಪರೀಕ್ಷೆ, 500ರ ಒಳಗೆ. ಇಷ್ಟು ವರ್ಷ ಯಾರೂ ಅವರಿಗೆ ಒಂದು ಟೆಸ್ಟ್ ಬರೆದಿರಲಿಲ್ಲ. ಊರಿಗೆಲ್ಲ ಕೊರತೆ ಇದ್ದಿದ್ದು ನನ್ನಲ್ಲೇ. ಸಂಖ್ಯೆ ಸರಿಯಾಗೇ ಇತ್ತು, ಓಟ ಕಡಿಮೆ ಇತ್ತು. ಗುಟ್ಕಾ ಬಿಡಿ ಅಂದರು, ಬಿಟ್ಟರು. ಹೊಸ ವೀರ್ಯ ತಯಾರಾಗೋಕೆ ಎರಡೂವರೆ ತಿಂಗಳು ಬೇಕಂತೆ, ಅದಕ್ಕೇ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದೆವು, ಸುಧಾರಿಸಿತ್ತು. ಲಾರಿ ಡ್ರೈವರ್ ಒಬ್ಬರನ್ನು ಆ ಟೆಸ್ಟಿಗೆ ಹೇಗೆ ಒಪ್ಪಿಸಿದೆ, ಗುಟ್ಕಾ ಹೇಗೆ ಬಿಡಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಆ ಮೂರು ತಿಂಗಳು ನಾನೂ ಸುಮ್ನೆ ಕೂರಲಿಲ್ಲ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ 500 ಮಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ 1500ರ ತನಕ ಏರಿಸಿದರು. ಹಿಂದೆ ಒಂದು ಕಡೆ ಒಮ್ಮೆಲೇ ದೊಡ್ಡ ಡೋಸ್ ಕೊಟ್ಟು ನನಗೆ ಭೇದಿ ಹತ್ತಿ ಮಾತ್ರೆಯನ್ನೇ ಬಿಟ್ಟಿದ್ದೆ. ಈ ಸಲ ಎಸ್‌ಆರ್ ಮಾತ್ರೆ (ನಿಧಾನಕ್ಕೆ ಕರಗುವಂಥದ್ದು), ಊಟದ ಜೊತೆಗೇ. ಹೊಟ್ಟೆ ತಕರಾರು ಮಾಡಲಿಲ್ಲ. ಜನೌಷಧಿ ಅಂಗಡಿಯಲ್ಲಿ ತುಂಬಾ ಅಗ್ಗ.

ಊಟದ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಇದು ನಾನೇ ಕಂಡುಕೊಂಡಿದ್ದು. ಗಂಗಾವತಿಯಲ್ಲಿ ಹುಟ್ಟಿ ಅನ್ನ ಬಿಡು ಅಂದ್ರೆ ಯಾರು ಬಿಡ್ತಾರೆ, ಮಿಲ್ಲಿನಲ್ಲಿ ಕಣ್ಣೆದುರಿಗೇ ಸೋನಾ ಮಸೂರಿ ರಾಶಿ. ಅತ್ತೆಯ ಶುಗರ್ ಮಷಿನ್ ಮನೆಯಲ್ಲೇ ಇತ್ತು. ಒಂದು ದಿನ ಹೊಟ್ಟೆ ತುಂಬಾ ಅನ್ನ ಸಾರು ಉಂಡು ಎರಡು ತಾಸಿಗೆ ಬೆರಳು ಚುಚ್ಚಿದೆ, 160ರ ಹತ್ತಿರ. ಇನ್ನೊಂದು ದಿನ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, 120 ಚಿಲ್ಲರೆ. ಮತ್ತೊಂದು ದಿನ ಮೊದಲು ಪಲ್ಯ, ಮೊಳಕೆ ಹೆಸರುಕಾಳು, ಮೊಸರು ತಿಂದು ಕೊನೆಗೆ ಒಂದು ಹಿಡಿ ಅನ್ನ, ಉಂಡ ಮೇಲೆ ಮಾಳಿಗೆ ಮೇಲೆ ಇಪ್ಪತ್ತು ನಿಮಿಷ ತಿರುಗಾಟ, ಆಗಲೂ 125-130ರ ಒಳಗೇ. ಅಂದ್ರೆ ಅನ್ನ ಪೂರ್ತಿ ಬಿಡಬೇಕಿಲ್ಲ. ಇವು ನನ್ನ ಮೈಯ ಲೆಕ್ಕ, ನಿಮ್ಮದು ನೀವೇ ಚುಚ್ಚಿ ನೋಡಬೇಕು. ರಾತ್ರಿ ರೊಟ್ಟಿ, ಮಧ್ಯಾಹ್ನ ಒಂದು ಹಿಡಿ ಅನ್ನ ಅಂತ ಗೊತ್ತು ಮಾಡಿಕೊಂಡೆ. ನವಣೆಯನ್ನು ಜೋಳದ ಜೊತೆ ಬೀಸಿ ಮೆತ್ತನೆ ರೊಟ್ಟಿ ಮಾಡುವ ಅಳತೆ ಒಂದು ಕೂಡಿಬಂದಿದೆ, ಅದನ್ನು ಮಾತ್ರ ಹೇಳಲ್ಲ, ಮುಂದೆ ಅದರ ವ್ಯಾಪಾರ ಮಾಡುವ ಆಲೋಚನೆ ಇದೆ. ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ವಾರಕ್ಕೊಮ್ಮೆಗೆ ಇಳಿಯಿತು. 78 ಕಿಲೋ ಇದ್ದವಳು 71-72ಕ್ಕೆ ಬಂದೆ. ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಸಾಕು, ಎಗ್ ಆಗುವ ಸಂಭವ ಹೆಚ್ಚುತ್ತೆ ಅಂತ ಡಾಕ್ಟರಮ್ಮ ಹೇಳಿದ್ದರು. ನನಗೂ ಹಾಗೇ ಆಯ್ತು, ಡೇಟ್ 50ರಿಂದ 40ಕ್ಕೆ ಬಂತು.

ಬೆಳಗಿನ ಮೈಶಾಖ ಬರೆಯುವುದನ್ನೂ ಮಾಡಿ ನೋಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೇವೆ, ಸೆಕೆಗೆ ನಾಲ್ಕು ಸಲ ಎಚ್ಚರ, ಹಾಗಿದ್ದಾಗ ಲೆಕ್ಕ ಹತ್ತಲ್ಲ. ಚಳಿಗಾಲದಲ್ಲಿ ಚೆನ್ನಾಗಿ ಬಂತು. ಆದರೆ ಶಾಖ ಏರುವುದು ಎಗ್ ಬಿಟ್ಟ ಮೇಲೆ. ಆಗಿದೆ ಅಂತ ತಿಳಿಯೋಕೆ ಮಾತ್ರ ಅದು ಸರಿ, ಮುಂಚೆ ತಿಳಿಯೋಕೆ ಆಗಲ್ಲ. ಅಗಸಿ ಬೀಜ, ಎಳ್ಳು ಹದಿನೈದು ದಿನಕ್ಕೊಮ್ಮೆ ಬದಲಿಸಿ ತಿನ್ನುವುದನ್ನೂ ಮಾಡಿದೆ. ಡೇಟಿಗೆ ಏನೂ ಆಗಲಿಲ್ಲ, ಅಗಸಿ ಚಟ್ನಿ ಮಾತ್ರ ಮನೆಯಲ್ಲಿ ಉಳಿಯಿತು, ರೊಟ್ಟಿಗೆ ಬಹಳ ಚೆನ್ನಾಗಿರುತ್ತೆ.

ಇನ್ನು ಮಾತ್ರೆ. ಮತ್ತೆ ಲೆಟ್ರೋಜೋಲ್ ಬರೆದಾಗ ಮೆಡಿಕಲ್ ಶಾಪಿನ ಹುಡುಗ "ಅಕ್ಕಾರ, ಇದು ಕ್ಯಾನ್ಸರ್ ಮಾತ್ರಿ ಐತಿ, ನಿಮಗ್ಯಾಕ?" ಅಂತ ಕೇಳಿದ. ಪಕ್ಕದಲ್ಲಿದ್ದ ನಾದಿನಿ ಗಾಬರಿಯಾದಳು. ನಿಜ, ಅದು ಸ್ತನ ಕ್ಯಾನ್ಸರಿಗೆ ಕೊಡುವ ಮಾತ್ರೆ. ನಮ್ಮ ದೇಶದಲ್ಲಿ 2011ರಲ್ಲಿ ಮಕ್ಕಳಾಗದವರಿಗೆ ಅದನ್ನು ಕೊಡಬಾರದು ಅಂತ ತಡೆದಿದ್ದರು, 2017ರಲ್ಲಿ ಆ ತಡೆ ತೆಗೆದರು. 2014ರಲ್ಲಿ ಅಮೆರಿಕದಲ್ಲಿ ಪಿಸಿಓಡಿ ಇರುವ 750 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ನೂರಕ್ಕೆ 27 ಚಿಲ್ಲರೆ ಜನಕ್ಕೆ ಮಗು ಆಯಿತು, ಕ್ಲೋಮಿಫೀನ್‌ನಲ್ಲಿ 19. ಈಗ ಇದೇ ಮೊದಲ ಮಾತ್ರೆ. ಡಾಕ್ಟರಮ್ಮ ಇದನ್ನೆಲ್ಲ ಕೂರಿಸಿಕೊಂಡು ಹೇಳಿದರು, ನಾದಿನಿಗೆ ನಾನು ಹೇಳಿದೆ. ಹಾಗಂತ ಯಾರೂ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಒಂದಕ್ಕಿಂತ ಜಾಸ್ತಿ ಎಗ್ ಬೆಳೆದರೆ ಅವಳಿ ಆಗಬಹುದು, ಸ್ಕ್ಯಾನ್ ಇಲ್ಲದೆ ಇದು ಬೇಡವೇ ಬೇಡ.

2.5ಕ್ಕೆ 13ನೇ ದಿನ ಹಳೆಯ ಕತೆಯೇ, 10 ಮಿಮೀ ಮೇಲೆ ಒಂದೂ ಇಲ್ಲ. ಈ ಸಲ ಡೇಟಿಗೆ ಕಾಯಲಿಲ್ಲ. ಅದೇ ದಿನದಿಂದ 5 ಮಿಗ್ರಾಂ ಐದು ದಿನ ಕೊಟ್ಟರು, ವಾರ ಬಿಟ್ಟು ಮತ್ತೆ ಸ್ಕ್ಯಾನ್. ಡೇಟ್ ಬರಿಸುವ ಮಾತ್ರೆ, ಕಾಯುವ ವಾರಗಳು ಎಲ್ಲ ಉಳಿಯಿತು. ಬಲಗಡೆ ಒಂದು ಏಳುತ್ತಿತ್ತು. ಮುಂದಿನ ಸಲ ನೇರ 5. ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ (ಮೊದಲು ದಿನ, ಆಮೇಲೆ ಬಲಗಡೆಯ ಫಾಲಿಕಲ್ ಎಷ್ಟು ಮಿಮೀ; ಇಂಜೆಕ್ಷನ್ ಅಂದ್ರೆ ಎಗ್ ಬಿಡಿಸುವ ಚುಚ್ಚುಮದ್ದು): "12, ಬಲ 11. 15, ಬಲ 14, ಲೈನಿಂಗ್ 7. 17, ಬಲ 17. 18, ಬಲ 19, ಲೈನಿಂಗ್ 8.5, ಇಂಜೆಕ್ಷನ್." ಹಳೆಯ ಜಾಗದಲ್ಲಾಗಿದ್ದರೆ ಆ 11 ನೋಡಿ ಮನೆಗೆ ಕಳಿಸುತ್ತಿದ್ದರು. ದಿನಕ್ಕೆ ಒಂದೂವರೆ, ಎರಡು ಮಿಮೀ ಬೆಳೆಯುತ್ತೆ, ಲೆಕ್ಕ ಹಾಕಿದರೆ ಯಾವಾಗ 18 ಮಿಮೀ ದಾಟುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಇಷ್ಟು ಸಲ ಬಳ್ಳಾರಿಗೆ ಓಡಾಡೋದು ಆಗದ ಮಾತು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಾಗ ದಾರಿಯಲ್ಲಿರುವ ಕಂಪ್ಲಿ ಸೇತುವೆ ಮುಳುಗುತ್ತೆ. ಒಂದು ಸ್ಕ್ಯಾನಿನ ದಿನ ಸರಿಯಾಗಿ ಹಾಗೇ ಆಯಿತು, ಮುನಿರಾಬಾದ್, ಹೊಸಪೇಟೆ ಸುತ್ತಿ ಹೋಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಆಮೇಲೆ ನಾನೇ ಕೇಳಿದೆ: ಚೀಟಿ ನೀವು ಬರೆದುಕೊಡಿ, ಸ್ಕ್ಯಾನ್ ಗಂಗಾವತಿಯಲ್ಲಿ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡ್ತೀನಿ. ಒಪ್ಪಿದರು. ಇದೊಂದರಿಂದಲೇ ಖರ್ಚು ಅರ್ಧ ಆಯಿತು. ಪ್ರತಿ ಸಲ ಒಂದೇ ಜಾಗ, ಸಾಧ್ಯವಾದರೆ ಒಬ್ಬರೇ ಡಾಕ್ಟರ್. ಬೇರೆ ಬೇರೆ ಕೈ ಆದರೆ ಒಂದೆರಡು ಮಿಮೀ ಹೆಚ್ಚುಕಮ್ಮಿ ಬರುತ್ತೆ.

ಇಂಜೆಕ್ಷನ್ ಆದ 36 ತಾಸಿನ ಆಸುಪಾಸಿಗೆ ಎಗ್ ಬಿಡುತ್ತೆ. ಇದರಿಂದ ನಮಗೆ ದೊಡ್ಡ ಅನುಕೂಲ ಆಯಿತು, ಮನೆಯವರು ಲೋಡ್ ಯಾವಾಗ ಹಿಡಿಯಬೇಕು, ಯಾವಾಗ ಊರಲ್ಲಿರಬೇಕು ಅಂತ ಎರಡು ದಿನ ಮುಂಚೆಯೇ ಗೊತ್ತಾಗುತ್ತಿತ್ತು. ಎಗ್ ಬಿಟ್ಟಿದೆಯಾ ಅಂತ ತಿಳಿಸುವ ಪ್ರೊಜೆಸ್ಟೆರಾನ್ ರಕ್ತ ಪರೀಕ್ಷೆಯನ್ನು 21ನೇ ದಿನ ಅಂತ ಕಣ್ಣುಮುಚ್ಚಿ ಮಾಡಿಸಬೇಡಿ. ಎಗ್ ಬಿಟ್ಟ ಏಳು ದಿನಕ್ಕೆ ಮಾಡಿಸಬೇಕು, ನನಗದು 27ನೇ ದಿನದ ಹತ್ತಿರ ಬರುತ್ತಿತ್ತು, ರಿಪೋರ್ಟಿನಲ್ಲಿ 12 ಚಿಲ್ಲರೆ ಇತ್ತು. 21ಕ್ಕೆ ಮಾಡಿಸಿದಾಗಲೆಲ್ಲ 1ರ ಒಳಗೆ ಬಂದು ಅಳಿಸಿತ್ತು. ಹಾಗೇ ಇಂಜೆಕ್ಷನ್ ಆದ ವಾರಕ್ಕೇ ಮನೆಯಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದರೆ ಎರಡು ಗೀಟು ಬರಬಹುದು, ಅದು ಇಂಜೆಕ್ಷನ್ನಿನದು. ಎರಡು ವಾರ ಹಲ್ಲು ಕಚ್ಚಿ ಕಾಯಬೇಕು.

5ರ ಮೊದಲ ಎರಡು ಸಲ ಎಗ್ ಬಿಟ್ಟಿತು, ಗರ್ಭ ನಿಲ್ಲಲಿಲ್ಲ. ಮನೆಯವರು "ಸಾಕು ಬಿಡು, ಸಾಲ ಮಾಡಿ ಐವಿಎಫ್ ಮಾಡಿಸೋಣ" ಅಂದರು. ಅದಕ್ಕೆ 2 ಲಕ್ಷದ ಹತ್ತಿರ ಹೇಳಿದ್ದರು. ಟ್ಯೂಬ್ ಮುಚ್ಚಿದವರಿಗೆ ಅದು ಬೇಕೇ ಬೇಕು, ನಾನು ಬೇಡ ಅನ್ನಲ್ಲ. ಆದರೆ ನನಗೆ ಎಗ್ ಬಿಡುತ್ತಿದೆ, ಟ್ಯೂಬ್ ತೆರೆದಿದೆ, ಅವರ ರಿಪೋರ್ಟ್ ಸುಧಾರಿಸಿದೆ, ಆರು ಸಲ ಆದರೂ ನೋಡೋಣ ಅಂತ ಹಟ ಹಿಡಿದೆ. ಅದರ ಮುಂದಿನ ಸಲ ನಿಂತಿತು. ಬಳ್ಳಾರಿಗೆ ಹೋದಂದಿನಿಂದ ಅಲ್ಲಿಯ ತನಕದ ಖರ್ಚು ಕೂಡಿಸಿದರೆ 35-40 ಸಾವಿರ.

ಇನ್ನೊಂದು ವಿಷಯ, ಗರ್ಭ ನಿಂತ ಮೇಲೆ ನಮಗೆ ಶುಗರ್ ಬರುವ ಸಂಭವ ಉಳಿದವರಿಗಿಂತ ಜಾಸ್ತಿ. ಗ್ಲೂಕೋಸ್ ಟೆಸ್ಟನ್ನು ನನಗೆ ಶುರುವಿಗೇ ಒಮ್ಮೆ, ಆರನೇ ತಿಂಗಳಲ್ಲಿ ಮತ್ತೊಮ್ಮೆ ಮಾಡಿಸಿದರು. ಎರಡನೇ ಸಲ ಗಡಿ ಸ್ವಲ್ಪ ದಾಟಿತ್ತು. ಮತ್ತೆ ಅತ್ತೆಯ ಮಷಿನ್, ಮತ್ತೆ ರೊಟ್ಟಿ, ಮೊದಲು ಪಲ್ಯ ಆಮೇಲೆ ಅನ್ನ. ಇನ್ಸುಲಿನ್ ಬೇಕಾಗಲಿಲ್ಲ. ಮಗಳು ಹುಟ್ಟಿದಾಗ 2 ಕಿಲೋ 900 ಗ್ರಾಂ ಇದ್ದಳು, ನಾರ್ಮಲ್ ಹೆರಿಗೆ. ಹಾಲು ಕುಡಿಸುತ್ತಿರುವಾಗಲೇ ಡೇಟ್ ಮತ್ತೆ ಶುರುವಾಗಿದೆ, 38-40 ದಿನಕ್ಕೊಮ್ಮೆ. ಅದನ್ನೂ ಅದೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ನಾದಿನಿಗೂ ಪಿಸಿಓಡಿ ಅಂತ ಗೊತ್ತಾಗಿದೆ, ಅವಳ ಪುಸ್ತಕವನ್ನು ಹೋದ ತಿಂಗಳಿಂದ ಶುರು ಮಾಡಿಸಿದ್ದೇನೆ.