ಸಾರಾಂಶ ಬರೆಸುವುದನ್ನು ಬಿಟ್ಟೆ

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2020ರ ನವೆಂಬರ್‌ನಲ್ಲಿ, ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕರೆತರುವ ಸರ್ಕಾರದ ಕಾರ್ಯಕ್ರಮ ‘ಓದುವ ಬೆಳಕು’ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಅಂತಾಯಿತು. ಕೊರೊನಾ ಕಾಲ, ಶಾಲೆ ಮುಚ್ಚಿತ್ತು. ಮನೆಯಲ್ಲಿ ಕೂತು ಬೇಜಾರಾದ ಮಕ್ಕಳೆಲ್ಲ ಹೆಸರು ಬರೆಸಿದರು. ರಿಜಿಸ್ಟರ್ ನೋಡಿ ನಾನು ಬೀಗಿದ್ದೇ ಬೀಗಿದ್ದು.

ಆಮೇಲೆ ನಾನೇ ಕೆಡಿಸಿದೆ. ಪುಸ್ತಕ ವಾಪಸ್ ತರುವಾಗ ಒಂದು ಪುಟ ಸಾರಾಂಶ ಬರೆದು, ಕೊನೆಗೆ ಕಥೆಯ ನೀತಿಯನ್ನೂ ಬರೆಯಬೇಕು ಅಂದೆ. ಓದದೇ ಓದಿದೆ ಅನ್ನಬಾರದಲ್ವಾ, ಅದಕ್ಕೆ. ಎರಡು ವಾರ ಬರೆದರು. ಆಮೇಲೆ ತೆಳ್ಳಗಿನ ಪುಸ್ತಕಗಳಿಗೇ ಕಿತ್ತಾಟ. ಶಾಲೆ ತೆರೆದ ಮೇಲೆ ಒಬ್ಬ ಹುಡುಗಿ ಪುಸ್ತಕವನ್ನು ಮೇಜಿನ ಮೇಲಿಟ್ಟು, “ಬೇಡ ಅಕ್ಕಾ, ಸ್ಕೂಲಿನ ಹೋಂವರ್ಕೇ ಜಾಸ್ತಿ ಇದೆ” ಅಂದಳು.

ಅವತ್ತೇ ಸಾರಾಂಶ ಬಿಟ್ಟೆ. ಬೀರುವಿನ ಬೀಗವನ್ನೂ ತೆಗೆದೆ. ಪುಸ್ತಕ ಕಳೆದರೆ ನಮ್ಮ ತಲೆಗೇ ಬರುತ್ತದೆ ಅನ್ನುವ ಭಯ ಈ ಕೆಲಸದಲ್ಲಿ ಯಾರಿಗೂ ತಪ್ಪಿದ್ದಲ್ಲ. ‘ಪುಸ್ತಕ ಇರುವುದು ಬಳಸಲಿಕ್ಕೆ’ ಅನ್ನುವುದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದ ಐದು ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದು. ಅದನ್ನು ಬಾಯಿಪಾಠ ಮಾಡಿಕೊಂಡು ಬೀಗ ಹಾಕಿ ಕೂತಿದ್ದೆ ನಾನು! ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕಗಳು ಮೇಲಿನ ಅರೆಗೆ ಹೋದವು. ಚಿತ್ರದ ಪುಸ್ತಕಗಳು ಚಾಪೆಗೆ ಬಂದವು.

ಸಂಜೆ ಐದಕ್ಕೆ ಒಂದು ಕಥೆ ಗಟ್ಟಿಯಾಗಿ ಓದುತ್ತೇನೆ. ಮೊಸಳೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತೇನೆ. “ಆಮೇಲೆ ಏನಾಯ್ತಕ್ಕಾ?” ನನಗೆ ಬಾಯಾರಿಕೆ. ಪುಸ್ತಕ ಚಾಪೆ ಮೇಲೆ ಬಿಟ್ಟು ಸುಮ್ನೆ ನೀರು ಕುಡಿಯಲು ಎದ್ದು ಹೋಗುತ್ತೇನೆ. ಬರುವಷ್ಟರಲ್ಲಿ ಅದರ ಮೇಲೆ ನಾಲ್ಕು ತಲೆ. ಓದಲು ಬರುವವನೊಬ್ಬ, ತಳ್ಳಾಡುವವರು ಮೂವರು.

ಇಷ್ಟವಾಗದ ಪುಸ್ತಕ ಅರ್ಧಕ್ಕೆ ಬಿಡಬಹುದು, ನಾನು ಯಾಕೆ ಅಂತ ಕೇಳುವುದಿಲ್ಲ. ಓದಿದ್ದನ್ನೇ ಮತ್ತೆ ಒಯ್ಯಬಹುದು. ಒಬ್ಬ ಹುಡುಗ ಟ್ರ್ಯಾಕ್ಟರ್ ಚಿತ್ರವಿರುವ ಒಂದೇ ಪುಸ್ತಕವನ್ನು ಆರು ಸಲ ಒಯ್ದ. ಅವನಪ್ಪ ಬಂದು ಕೇಳಿದರು, “ಇದನ್ನ ಓದಿದ್ರೆ ಮಾರ್ಕ್ಸ್ ಬರುತ್ತೇನಮ್ಮಾ?”

“ಇಲ್ಲಣ್ಣ, ಬರಲ್ಲ.”

ಅವರಿಗೆ ಸಮಾಧಾನವಾಗಲಿಲ್ಲ. ನಾನೂ ವಾದಕ್ಕೆ ಇಳಿಯಲಿಲ್ಲ.

ಬೀಗ ತೆಗೆದ ಮೇಲೆ ಹನ್ನೊಂದು ಪುಸ್ತಕ ಕಳೆದಿವೆ. ಒಂದರ ರಟ್ಟನ್ನು ಎಮ್ಮೆ ತಿಂದಿದೆ. ಟ್ರ್ಯಾಕ್ಟರ್ ಪುಸ್ತಕದ ಹಾಳೆಗಳು ಕಿತ್ತು ಬಂದಿದ್ದವು. ಹುಡುಗ ಮನೆಯಲ್ಲೇ ಮೈದಾ ಅಂಟು ಕಾಸಿ ಅಂಟಿಸಿಕೊಂಡು ತಂದ. ಎರಡು ಪುಟ ತಲೆಕೆಳಗಾಗಿವೆ. ಒಣಗಲಿ ಅಂತ ಕಿಟಕಿಯ ಹತ್ತಿರ ಇಟ್ಟೆ. ಅಷ್ಟೂ ಹೊತ್ತು ಪಕ್ಕದಲ್ಲೇ ಕೂತು ಕಾದು, ಏಳನೇ ಸಲ ಒಯ್ದ.