ಕೆಲಸ ಬಿಡದೆ ವಲಸೆ ನೀತಿ ಓದಿದ್ದು

ಉಡುಪಿಯಲ್ಲಿ ವಿದೇಶಕ್ಕೆ ಹೋಗುವವರ ಕಾಗದಪತ್ರ ಮಾಡಿಸಿಕೊಡುವ ಕಚೇರಿಯಲ್ಲಿ ನನ್ನ ಕೆಲಸ. ಸರ್ಟಿಫಿಕೇಟ್ ಅಟೆಸ್ಟೇಶನ್, ಮೆಡಿಕಲ್, ವೀಸಾ ಸ್ಟಾಂಪಿಂಗ್, ದಿನವಿಡೀ ಇದೇ. ಈ ಕೆಲಸದಲ್ಲಿದ್ದುಕೊಂಡೇ ಯುರೋಪಿನ ಒಂದು ವಿಶ್ವವಿದ್ಯಾಲಯದ ಅರೆಕಾಲಿಕ ಮಾಸ್ಟರ್ಸ್‌ಗೆ ಸೇರಿ ವಲಸೆ ನೀತಿ ಓದಿದೆ. ಇಂಥ ಕೋರ್ಸಿಗೆ ಸೇರುವ ಯೋಚನೆ ಇರುವವರಿಗೆ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಸಮಯದ ವಿಷಯ. ತರಗತಿ ಶುಕ್ರವಾರ ಮತ್ತು ಶನಿವಾರ, ಆನ್‌ಲೈನ್‌ನಲ್ಲಿ. ಅಲ್ಲಿ ಮಧ್ಯಾಹ್ನ ಎರಡು ಗಂಟೆ ಅಂದರೆ ನಮಗೆ ಚಳಿಗಾಲದಲ್ಲಿ ಸಂಜೆ ಆರೂವರೆ. ಮಾರ್ಚ್ ಕೊನೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ನಮಗೆ ಐದೂವರೆ. ಅಕ್ಟೋಬರ್ ಕೊನೆಯವರೆಗೂ ಹಾಗೇ. ಕಚೇರಿ ಮುಚ್ಚುವುದು ಆರಕ್ಕೆ. ಹಾಗಾಗಿ ಆ ತಿಂಗಳುಗಳಲ್ಲಿ ಬೆಳಿಗ್ಗೆ ಬೇಗ ಬಂದು ಬೇಗ ಹೊರಡುತ್ತೇನೆ ಅಂತ ಯಜಮಾನರ ಹತ್ತಿರ ಸೇರುವ ಮೊದಲೇ ಮಾತಾಡಿಕೊಂಡಿದ್ದೆ. ಫೀಸು ಕಟ್ಟುವ ಮೊದಲು ನೀವೂ ಮಾತಾಡಿಕೊಳ್ಳಿ.

ಓದುವುದಕ್ಕೆ ನಾನು ಒಂದು ಕ್ರಮ ಇಟ್ಟುಕೊಂಡೆ. ಯಾವ ಕಾನೂನೇ ಇರಲಿ, ಮೊದಲು ವ್ಯಾಖ್ಯೆಯ ಭಾಗ ತೆಗೆಯುವುದು. ಈ ಕಾನೂನು ಯಾರನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಯಾರನ್ನು ಹೊರಗೆ ಬಿಡುತ್ತದೆ? ಉತ್ತರವನ್ನು ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆದು, ನಮ್ಮ ಕಚೇರಿಗೆ ಬರುವವರ ಮುಖ ನೆನಪಿಸಿಕೊಂಡು ನೋಡುತ್ತಿದ್ದೆ.

1983ರ ಎಮಿಗ್ರೇಷನ್ ಕಾಯ್ದೆಯನ್ನೇ ತಗೊಳ್ಳಿ. ಈ ವ್ಯವಸ್ಥೆಯಲ್ಲಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲಸಕ್ಕೆ ಹೊರಡುವ ಮೊದಲು ಅನುಮತಿ ಬೇಕು ಅನ್ನುವ ಗುರುತಿನದು. ಸೌದಿ, ಕುವೈತ್, ಕತಾರ್, ಎಮಿರೇಟ್ಸ್ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಕ್ಲಿಯರೆನ್ಸ್ ಬೇಕು. ಇ-ಮೈಗ್ರೇಟ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಕೆಲಸದ ಕರಾರು ದಾಖಲಾಗುತ್ತದೆ, 10 ಲಕ್ಷದ ವಿಮೆ ಕಡ್ಡಾಯ. ಎಸೆಸೆಲ್ಸಿ ಪಾಸಾದವನಿಗೆ ಇದ್ಯಾವುದೂ ಬೇಕಾಗಿಲ್ಲ. ಓದಿದವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಅನ್ನುವ ಲೆಕ್ಕ. ಆದರೆ ನಮ್ಮ ಕರಾವಳಿಯ ಹುಡುಗರಲ್ಲಿ ಹತ್ತನೇ ದಾಟದವರು ಎಷ್ಟು ಮಂದಿ? ಗಲ್ಫಿಗೆ ಜಾಸ್ತಿ ಹೋಗುವ ನಮ್ಮವರೇ ಆ ರಕ್ಷಣೆಯ ಹೊರಗೆ ಉಳಿಯುತ್ತಾರೆ! ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕುವವನ ಕರಾರಂತೂ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. 2015ರಿಂದ ನರ್ಸ್‌ಗಳಿಗೆ ಮಾತ್ರ, ಎಷ್ಟೇ ಓದಿದ್ದರೂ, ಈ 18 ದೇಶಗಳಿಗೆ ಕ್ಲಿಯರೆನ್ಸ್ ಬೇಕು. ಮಂಗಳೂರಿನ ನರ್ಸಿಂಗ್ ಹುಡುಗಿಯರು "ನಮಗ್ಯಾಕೆ ಸರ್ ಇದು?" ಅಂತ ಕೇಳುತ್ತಲೇ ಇದ್ದರು. ಓದಿದ ಮೇಲೆ ಅವರನ್ನು ಕೂರಿಸಿಕೊಂಡು ಕಾರಣ ಹೇಳುವಷ್ಟು ನನಗೂ ಅರ್ಥವಾಯಿತು.

ಕೋರ್ಸಿನ ಪ್ರಬಂಧಕ್ಕೆ ಗಲ್ಫ್ ಬಿಟ್ಟು ಉಡುಪಿಯ ಮೀನುಗಾರಿಕಾ ಬಂದರು ಮಲ್ಪೆಯನ್ನು ಆರಿಸಿಕೊಂಡೆ. ನಮ್ಮವರು ಹೊರಗೆ ಹೋಗುತ್ತಾರೆ, ಇಲ್ಲಿನ ಬೋಟುಗಳಲ್ಲಿ ದುಡಿಯಲು ಹೊರ ರಾಜ್ಯದವರು ಬರುತ್ತಾರೆ. ಅದರ ಬಗ್ಗೆ ನಾವು ಮಾತೇ ಆಡುವುದಿಲ್ಲ ಅಲ್ವಾ? ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಹೆಚ್ಚಿನವರು ಊರಿಗೆ ಹೋಗಿಬಿಡುತ್ತಾರೆ. ಅದಕ್ಕೇ ಮಾತುಕತೆಯನ್ನೆಲ್ಲ ಮೇ ಒಳಗೆ ಮುಗಿಸಿದೆ. ದಕ್ಕೆಯಲ್ಲಿ ಮೀನು ಇಳಿಸುವ ಹೊತ್ತಿಗೆ ಯಾರಿಗೂ ಪುರುಸೊತ್ತಿಲ್ಲ. ಮಧ್ಯಾಹ್ನ ಬಲೆ ಸರಿಮಾಡುತ್ತಾ ಕೂತಾಗ ಹೋಗಬೇಕು. ಒಡಿಶಾದ ಒಬ್ಬ ಹುಡುಗ ಬಲೆಯ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಕಣ್ಣೆತ್ತದೆ ನೂಲು ಎಳೆಯುತ್ತಲೇ ಉತ್ತರ ಕೊಟ್ಟ. ಕರೆತಂದವರು ಯಾರು ಅಂದರೆ "ಮಾಮ" ಅಂದ. ಕಂಟ್ರಾಕ್ಟರ್ ಇಲ್ಲ, ಕಾಗದ ಇಲ್ಲ.

ಆ ಒಂದು ಉತ್ತರವೇ ಪ್ರಬಂಧದ ನಡುಭಾಗವಾಯಿತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹಿಡಿದದ್ದು ಕಂಟ್ರಾಕ್ಟರ್ ಮೂಲಕ ಬಂದವರನ್ನು. ಮಾಮನ ಜೊತೆ ಬಂದವನು ಲೆಕ್ಕಕ್ಕಿಲ್ಲ. 2020ರ ಕಾರ್ಮಿಕ ಸುರಕ್ಷತೆ ಸಂಹಿತೆಯಲ್ಲಿ ತಾನಾಗಿ ಬಂದವನೂ ವ್ಯಾಖ್ಯೆಯೊಳಗೆ ಸೇರಿದ, ಸಂಬಳದ ಮಿತಿ ತಿಂಗಳಿಗೆ 18,000. ಆದರೆ ಸಂಹಿತೆಯ ಆ ಭಾಗ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ವಲಸೆ ಕಾರ್ಮಿಕರಿರುವ ಕಡೆ. ಏಳೆಂಟು ಜನರ ಒಂದು ಬೋಟು ಅದರೊಳಗೆ ಬರುತ್ತದಾ? ಬೋಟಿಗೆ ಬೋಟೇ ಒಂದು ಸಂಸ್ಥೆ ಅಂತ ಲೆಕ್ಕ ಹಾಕಿದರೆ ಆ ಹುಡುಗ ಮತ್ತೆ ಹೊರಗೆ. ಬಂದರಿನ ಎಲ್ಲ ಬೋಟುಗಳನ್ನೂ ಒಟ್ಟಿಗೆ ಎಣಿಸಬೇಕು ಅಂತ ನಾನು ವಾದ ಮಾಡಿದೆ, ಈಗಲೂ ಅದನ್ನೇ ಹೇಳುತ್ತೇನೆ.