ಜೊತೆಗೆ ಬಂದವರ ಬಿ.ಪಿ.ಯನ್ನೂ ನೋಡತೊಡಗಿದ್ದು

ತಾಂಜಾನಿಯಾದ ಮ್ವಾಂಜಾ ಪ್ರಾಂತ್ಯದಲ್ಲಿ, ವಿಕ್ಟೋರಿಯಾ ಸರೋವರಕ್ಕೆ ಹತ್ತಿರದ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ನಾನು ಕೆಲವು ವರ್ಷ ವೈದ್ಯನಾಗಿದ್ದೆ. ಮೈಸೂರಿನಿಂದ ಹೊರಡುವಾಗ ಮಲೇರಿಯಾ, ಕ್ಷಯ, ಎಚ್‌ಐವಿಗಳಿಗೆ ಸಿದ್ಧನಾಗಿ ಹೋಗಿದ್ದೆ; ಅವು ಧಾರಾಳವಾಗಿಯೇ ಇದ್ದವು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಬಗೆಯ ಸಾವು. ನಲವತ್ತು ಐವತ್ತರ ಆಸುಪಾಸಿನ, ಹಿಂದಿನ ಸಂಜೆಯವರೆಗೂ ದುಡಿದ ಮನುಷ್ಯ ಇದ್ದಕ್ಕಿದ್ದಂತೆ ಕುಸಿದು, ಆಸ್ಪತ್ರೆಗೆ ತರುವಷ್ಟರಲ್ಲಿ ಪ್ರಾಣ ಹೋಗಿರುತ್ತಿತ್ತು. ಮರಣೋತ್ತರ ಪರೀಕ್ಷೆಗೆ ನಮ್ಮಲ್ಲಿ ಅನುಕೂಲವಿರಲಿಲ್ಲ, ಮನೆಯವರಿಗೆ ಮನಸ್ಸೂ ಇರುತ್ತಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಒಂದು ಸಾಲು ಉಳಿಯುತ್ತಿತ್ತು. ಊರಿನಲ್ಲಿ ಮಾಟದ ಮಾತು ಹಬ್ಬುತ್ತಿತ್ತು.

ಆ ಒಂದು ಸಾಲಿನ ಬದಲು ಮನೆಯವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವ ಪದ್ಧತಿಯನ್ನು ನಾವು ಮೊದಲು ತಂದೆವು. ಕುಸಿಯುವ ಮುನ್ನ ತಲೆ ಸಿಡಿಯುವಂತೆ ನೋವಿತ್ತೇ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿತ್ತೇ, ಕೆಲವು ವಾರಗಳಿಂದ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತೇ, ಯಾವಾಗಲಾದರೂ ಬಿ.ಪಿ. ನೋಡಿಸಿದ್ದುಂಟೇ? ಕೊನೆಯ ಪ್ರಶ್ನೆಗೆ ಬಹುಪಾಲು ‘ಇಲ್ಲ’ ಎಂಬುದೇ ಉತ್ತರ. ಇಂಥ ವಿಚಾರಣೆಯಿಂದ ಕಾರಣ ಖಚಿತವಾಗುವುದಿಲ್ಲ. ಮಿದುಳಿನ ರಕ್ತಸ್ರಾವ, ಸೀಳಿದ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ), ಗಂಟಲಿನ ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಹೃದಯದ ಕವಾಟ, ಹೆರಿಗೆಯ ಆಸುಪಾಸಿನಲ್ಲಿ ಬರುವ ಹೃದಯಸ್ನಾಯುವಿನ ರೋಗ, ಇವೆಲ್ಲವೂ ಹೊರಗಿನಿಂದ ಒಂದೇ ರೀತಿ ಕಾಣಬಲ್ಲವು. ಕ್ಯಾಮರೂನಿನ ಡೌಆಲಾ ನಗರದಲ್ಲಿ ಹೃದ್ರೋಗತಜ್ಞ ಏಮೆ ಬೊನಿ ಅವರ ತಂಡ ನಡೆಸಿದ ಸಮೀಕ್ಷೆಯಲ್ಲಿ 288 ಸಾವುಗಳ ಪೈಕಿ 27 ಹಠಾತ್ ಹೃದಯಮರಣಗಳೆಂದು ಗುರುತಿಸಲ್ಪಟ್ಟಿದ್ದವು. ಒಂಬತ್ತು ಆಫ್ರಿಕನ್ ದೇಶಗಳ ಆಸ್ಪತ್ರೆಗಳಲ್ಲಿ ತೀವ್ರ ಹೃದಯ ವೈಫಲ್ಯದ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸುಮಾರು 45 ಪ್ರತಿಶತ ಪ್ರಕರಣಗಳಿಗೆ ಅಧಿಕ ರಕ್ತದೊತ್ತಡವೇ ಕಾರಣವಾಗಿತ್ತು. ಆ ರೋಗಿಗಳ ಸರಾಸರಿ ವಯಸ್ಸು ಕೇವಲ 52. ವರ್ಷಗಟ್ಟಲೆ ಒತ್ತಡಕ್ಕೆದುರಾಗಿ ದುಡಿದ ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ದೂಡುವ ಹೃದಯದ ಕೋಣೆಯ) ಗೋಡೆ ದಪ್ಪವಾಗಿ, ಸ್ನಾಯುವಿನ ನಡುವೆ ನಾರು ಬೆಳೆದು, ವಿದ್ಯುತ್ ಸಂಚಾರದ ಹಾದಿ ಕೆಡುತ್ತದೆ. ಆಗ ಬಡಿತ ಒಮ್ಮೆಲೇ ತಾಳ ತಪ್ಪಿ ನಿಂತುಹೋಗಬಹುದು.

ಸತ್ತವರ ವಿಷಯದಲ್ಲಿ ಅಷ್ಟಕ್ಕಿಂತ ಹೆಚ್ಚು ತಿಳಿಯಲಾರೆವು ಎಂದಮೇಲೆ ಗಮನವನ್ನು ಬದುಕಿರುವವರ ಕಡೆಗೆ ತಿರುಗಿಸಿದೆ. ಅಂತ್ಯಕ್ರಿಯೆ ಮುಗಿದ ಬಳಿಕ ಮೃತರ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಬೆಳೆದ ಮಕ್ಕಳನ್ನೂ ಕರೆಸಿ ಬಿ.ಪಿ. ನೋಡುತ್ತಿದ್ದೆವು. ಮುಂದೆ ಹೊರರೋಗಿಗಳ ಜೊತೆಗೆ ಬಂದವರನ್ನೂ, ಮಗುವಿಗೆ ಲಸಿಕೆ ಹಾಕಿಸಲು ಬಂದ ತಾಯಂದಿರನ್ನೂ ಕೂರಿಸಿ ನೋಡುವುದು ರೂಢಿಯಾಯಿತು. ಕಾಯಿಲೆಯಿದೆಯೆಂದು ತಾವಾಗಿ ಬರುವವರನ್ನಷ್ಟೇ ಅಳೆಯುವ ಆಸ್ಪತ್ರೆಗೆ ಈ ರೋಗ ಕಾಣುವುದೇ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಅಳೆಯುವುದರಲ್ಲಿ ನಾನು ಸಡಿಲ ಬಿಡಲಿಲ್ಲ. ಬಿಸಿಲಲ್ಲಿ ನಡೆದು ಬಂದವರು ಐದು ನಿಮಿಷ ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೂರಿ ಸುಮ್ಮನೆ ಕೂರಬೇಕು; ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು; ದಪ್ಪ ತೋಳಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುವುದರಿಂದ ದೊಡ್ಡ ಪಟ್ಟಿಯೂ ಕೈಗೆಟಕುವಂತಿರಬೇಕು. ಎರಡು ಬಾರಿ ನೋಡಿ, ಇನ್ನೊಂದು ದಿನ ಕರೆಸಿ ಮತ್ತೆ ನೋಡಿದ ಮೇಲೆಯೇ 140/90 ದಾಟಿದವರನ್ನು ರೋಗಿಯೆಂದು ದಾಖಲಿಸುತ್ತಿದ್ದೆವು. 180/110 ಮೀರಿದವರಿಗೆ ಮಾತ್ರ ಅಂದೇ ಮಾತ್ರೆ ಆರಂಭ. ಕೆಲಸವನ್ನೆಲ್ಲ ದಾದಿಯರೇ ಮಾಡಿದರು, ನನಗಿಂತ ಅಚ್ಚುಕಟ್ಟಾಗಿ.

ಔಷಧದ ಆಯ್ಕೆ ಕಷ್ಟದ್ದಾಗಿರಲಿಲ್ಲ. ಕಪ್ಪುಜನರಲ್ಲಿ ಎನಲಾಪ್ರಿಲ್ ಗುಂಪಿನ ಮಾತ್ರೆ ಒಂದೇ ಆದರೆ ಅಷ್ಟಾಗಿ ಒತ್ತಡ ಇಳಿಸದು. 2019ರಲ್ಲಿ ಪ್ರಕಟವಾದ, ಸಹಾರಾದ ದಕ್ಷಿಣದ ಆರು ದೇಶಗಳ ಕ್ರಿಯೋಲ್ ಅಧ್ಯಯನವು ಎರಡು ಮಾತ್ರೆ ಸೇರಿಸುವಾಗ ಅವುಗಳಲ್ಲಿ ರಕ್ತನಾಳಗಳನ್ನು ಸಡಿಲಿಸುವ ಅಮ್ಲೋಡಿಪೈನ್ ಇದ್ದರೆ ಫಲ ಹೆಚ್ಚೆಂದು ತೋರಿಸಿತ್ತು. ಹಾಗಾಗಿ ಅಮ್ಲೋಡಿಪೈನ್, ಸಾಲದಿದ್ದರೆ ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್. ಎರಡೂ ಅಗ್ಗ.

ಕಷ್ಟವಾದದ್ದು ಮಾತ್ರೆಯನ್ನು ಬಿಡದೆ ನುಂಗಿಸುವುದು. ‘ಪ್ರೆಷಾ’ (ಬಿ.ಪಿ.ಗೆ ಅಲ್ಲಿಯವರ ಮಾತು) ಏರಿದಂತೆ ಅನ್ನಿಸಿದ ದಿನ ಮಾತ್ರ ನುಂಗಿ, ತಲೆನೋವು ಹೋದರೆ ನಿಲ್ಲಿಸುವವರೇ ಹೆಚ್ಚು (ನಮ್ಮ ಹಳ್ಳಿಗಳಲ್ಲೂ ಇದೇ ಕತೆ). ಮೇಲಾಗಿ ಎಚ್‌ಐವಿ ಔಷಧ ಉಚಿತವಾಗಿ ಸಿಗುತ್ತಿದ್ದ ಅದೇ ಆವರಣದಲ್ಲಿ ಬಿ.ಪಿ. ಮಾತ್ರೆಗೆ ಹಣ ಕೊಡಬೇಕಿತ್ತು. ಆದರೆ ಪಕ್ಕದ ಎಚ್‌ಐವಿ ಕ್ಲಿನಿಕ್ಕಿನಲ್ಲಿ ಕಲಿಯಬೇಕಾದದ್ದು ಬೇಕಾದಷ್ಟಿತ್ತು: ಪ್ರತಿಯೊಬ್ಬರಿಗೂ ಕಾರ್ಡು, ಬರಬೇಕಾದ ದಿನದ ದಾಖಲೆ, ತಪ್ಪಿಸಿಕೊಂಡವರಿಗೆ ಫೋನು, ಮಾತ್ರೆ ನೆನಪಿಸಲು ಮನೆಯವರಲ್ಲೊಬ್ಬರು. ಅದನ್ನೇ ನಕಲು ಮಾಡಿದೆವು; ಎಚ್‌ಐವಿಯೂ ಬಿ.ಪಿ.ಯೂ ಇದ್ದವರಿಗೆ ಎರಡನ್ನೂ ಒಂದೇ ದಿನ ಒಂದೇ ಕಿಟಕಿಯಲ್ಲಿ ಕೊಡುವಂತೆ ಮಾಡಿದೆವು.

ಮೀನುಗಾರ ಗಂಡಸರು ಮಾತ್ರ ಇದ್ಯಾವುದಕ್ಕೂ ಸಿಗುತ್ತಿರಲಿಲ್ಲ. ದಗಾ ಎಂಬ ಸಣ್ಣ ಮೀನನ್ನು ಅವರು ಕತ್ತಲ ರಾತ್ರಿಗಳಲ್ಲಿ ದೀಪ ಹಚ್ಚಿ ಹಿಡಿಯುತ್ತಾರೆ. ಹುಣ್ಣಿಮೆಯ ಆಸುಪಾಸಿನಲ್ಲಿ ದೋಣಿಗಳು ದಡದಲ್ಲಿರುತ್ತವೆ. ಇದನ್ನು ಹೇಳಿಕೊಟ್ಟವರು ನಮ್ಮ ಹಿರಿಯ ದಾದಿ. ಅಂದಿನಿಂದ ದಡದ ಶಿಬಿರಗಳನ್ನು ಹುಣ್ಣಿಮೆಯ ವಾರಕ್ಕೇ ಗೊತ್ತುಮಾಡಿದೆವು, ಮಾತ್ರೆಗಳನ್ನು ಮುಂದಿನ ಹುಣ್ಣಿಮೆ ದಾಟಿ ಒಂದು ವಾರ ಬರುವಷ್ಟು ಎಣಿಸಿ ಕೊಟ್ಟೆವು.